ಮಲೆನಾಡಲ್ಲಿ 3 ಕಿಲೋವ್ಯಾಟ್ ಸೋಲಾರ್: ಒಂದು ಮಳೆಗಾಲ, ಒಂದು ಬೇಸಿಗೆ ನೋಡಿದ ಮೇಲೆ ನನ್ನ ರಿವ್ಯೂ (ಉದ್ದ ಇದೆ, ಕಾಫಿ ಇಟ್ಕೊಂಡು ಓದಿ)

ಮೊದಲೇ ಹೇಳ್ಬಿಡ್ತೀನಿ, ಹಾಕಿಸ್ಬಹುದು, ಅಡ್ಡಿಲ್ಲ. ಐದಕ್ಕೆ ಮೂರೂವರೆ ಸ್ಟಾರ್. ಇದೇ ಪ್ರಶ್ನೆ ಪುಷ್ಯ ಮಳೇಲಿ ಕೇಳಿದ್ರೆ ಒಂದೂವರೆ ಅಂತಿದ್ದೆ, ಶಿವರಾತ್ರಿ ಕಳೆದ್ಮೇಲೆ ಕೇಳಿದ್ರೆ ನಾಲ್ಕೂವರೆ, ಅದ್ಕೇ ವರ್ಷ ಪೂರ್ತಿ ಕಳೀಲಿ ಅಂತ ಕಾದು ಕೂತಿದ್ದು. ಯೂಟ್ಯೂಬಲ್ಲಿ ಇರೋ ರಿವ್ಯೂ ಎಲ್ಲ ಬಯಲುಸೀಮೆಯವ್ರದ್ದು, ಚಿತ್ರದುರ್ಗ ಬಳ್ಳಾರಿ ಕಡೆ ತಾರಸಿ ಮೇಲೆ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನಿಂತು ದಿನಕ್ಕೆ 14 ಯೂನಿಟ್ ಗ್ಯಾರಂಟಿ ಸಾರ್ ಅಂತಾರೆ, ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಸೂರ್ಯ ಯಾವ ಕಡೆ ಇದಾನೆ ಅಂತ್ಲೇ ಅಂದಾಜಲ್ಲಿ ಹೇಳ್ಬೇಕು. ಹಾಗಾಗಿ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಕಡೆಯವ್ರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ನಮ್ಮನೆ ಹೊಸನಗರ ತಾಲ್ಲೂಕಲ್ಲಿ, ನಗರ ಅನ್ನೋ ಊರಿನ ಕಡೆ ಹೋಗೋ ರೋಡಿಂದ ಮೂರು ಕಿಲೋಮೀಟರ್ ಒಳಗೆ. ಎರಡು ಎಕರೆ ಚಿಲ್ಲರೆ ಅಡಿಕೆ ತೋಟ. ಫ್ರಿಜ್ಜು, ಗ್ರೈಂಡರು, ಬಾವಿ ಮೋಟರು, ಅಡಿಕೆ ಸುಲಿಯೋ ಮಷಿನ್ನು ಎಲ್ಲ ಸೇರಿ ತಿಂಗಳಿಗೆ 230ರಿಂದ 250 ಯೂನಿಟ್ ಓಡ್ತಿತ್ತು. ಈ 200 ಅನ್ನೋದು ನಮ್ಮ ರಾಜ್ಯದಲ್ಲಿ ಲಕ್ಷ್ಮಣರೇಖೆ. 200ರ ಒಳಗಿದ್ರೆ ಗೃಹಜ್ಯೋತಿ, ದಾಟಿದ್ರೆ ಅಷ್ಟಕ್ಕೂ ಬಿಲ್ಲು. ನಾವು ದಾಟಿದೋರು, ತಿಂಗಳಿಗೆ ಎರಡು ಸಾವಿರದ ಆಸುಪಾಸು ಕಟ್ತಿದ್ವಿ. ಅಷ್ಟರಲ್ಲಿ 2024ರ ಫೆಬ್ರವರಿಯಲ್ಲಿ ಕೇಂದ್ರದ ಸೂರ್ಯಘರ್ ಸ್ಕೀಮ್ ಬಂತು, ಒಂದು ಕೋಟಿ ಮನೆ ಮೇಲೆ ಸೋಲಾರ್, 75,021 ಕೋಟಿ ರೂಪಾಯಿ ಬಜೆಟ್ಟು. ಒಂದು ಕಿಲೋವ್ಯಾಟಿಗೆ 30 ಸಾವಿರ ಸಬ್ಸಿಡಿ, ಎರಡಕ್ಕೆ 60, ಮೂರು ಅಥವಾ ಅದಕ್ಕಿಂತ ಜಾಸ್ತಿ ಹಾಕಿದ್ರೆ 78 ಸಾವಿರಕ್ಕೆ ನಿಲ್ಲುತ್ತೆ. ನಾನು ಮೂರು ಹಾಕಿಸ್ದೆ.

ಎಲ್ಲಿ ಹಾಕೋದು ಅನ್ನೋದೇ ಮೊದಲನೇ ಜಗಳ. ಮನೆ ಹಂಚಿಂದು, ಹಂಚಿನ ಮಾಡಿನ ಮೇಲೆ ಹತ್ತಿಸೋಕೆ ಅಂಗಡಿಯವ್ರೂ ಒಪ್ಪಲ್ಲ, ಒಪ್ಪಿದ್ರೂ ನೀವು ಒಪ್ಬೇಡಿ, ಮೊದಲನೇ ಮಳೆಗೇ ಸೋರುತ್ತೆ. ಆರ್‌ಸಿಸಿ ಅಂತ ಇರೋದು ಕೊಟ್ಟಿಗೆ ಪಕ್ಕದ ಗೋಡೌನ್ ತಾರಸಿ ಒಂದೇ, ಅದ್ರ ಮೇಲೆ ನಾವು ಅಡಿಕೆ ಒಣಗಿಸೋದು. ಅಡಿಕೆ ಬೆಳೆಗಾರನ ಮನೇಲಿ ಬಿಸಿಲಿಗೆ ಆಗ್ಲೇ ಒಬ್ಬ ಯಜಮಾನ ಇರ್ತಾನೆ ನೋಡಿ. ಕೊನೆಗೆ ಎಂಟಡಿ ಎತ್ತರಕ್ಕೆ ಕಬ್ಬಿಣದ ಸ್ಟ್ರಕ್ಚರ್ ಮಾಡಿ ಮೇಲೆ ಪ್ಯಾನಲ್, ಕೆಳಗೆ ಅಡಿಕೆ ಅಂತ ರಾಜಿ ಆಯ್ತು. ಎತ್ತರದ ಸ್ಟ್ರಕ್ಚರಿಗೆ 24 ಸಾವಿರ ಜಾಸ್ತಿ ತಗೊಂಡ್ರು. ನೆರಳು ಬೀಳೋ ಜಾಗದಲ್ಲಿ ಬೇಯಿಸಿದ ಅಡಿಕೆ ಒಣಗೋಕೆ ಎರಡು ದಿನ ಜಾಸ್ತಿ ಬೇಕು, ಇದನ್ನ ಯಾವ ಬ್ರೋಷರಲ್ಲೂ ಬರೆದಿರಲ್ಲ. ಇನ್ನೊಂದು ವಿಷಯ, ತಾರಸಿಗೆ ಪಶ್ಚಿಮಕ್ಕೆ ಒಂದು ಹಲಸಿನ ಮರ ಇತ್ತು, ಮಧ್ಯಾಹ್ನ ಮೂರರ ಮೇಲೆ ನೆರಳು ಪ್ಯಾನಲ್ ಮೇಲೆ ಬರುತ್ತೆ ಅಂತ ತೆಗೆಸಿದ್ವಿ. ಅಮ್ಮ ಅವತ್ತು ಮಧ್ಯಾಹ್ನ ಊಟ ಮಾಡ್ಲಿಲ್ಲ. ಅದರ ಕಥೆ ಕೊನೆಗೆ ಹೇಳ್ತೀನಿ.

ಅಂಗಡಿ ಶಿವಮೊಗ್ಗದ್ದು, ಹೆಸರು ಬೇಡ. ಕೆಲಸಕ್ಕೆ ಬಂದ ಹುಡುಗ್ರು ಮಾತ್ರ ಚಿನ್ನ, ಎರಡೇ ದಿನದಲ್ಲಿ ಮುಗಿಸಿದ್ರು, ವೈರೆಲ್ಲ ಪೈಪಲ್ಲಿ ನೀಟಾಗಿ ತಂದಿದಾರೆ. ನಮ್ಮಲ್ಲಿ ಜಂಬಿಟ್ಟಿಗೆ ನೆಲ, ಅರ್ಥಿಂಗ್ ಸರಿಯಾಗಿ ಸಿಗೋದು ಕಷ್ಟ. ಹುಡುಗ್ರು ಮೂರು ಗುಂಡಿ ತೆಗೆದು, ಮೀಟರ್ ಇಟ್ಟು ನೋಡಿ, ಸಾಲಲ್ಲ ಅಂತ ಒಂದನ್ನ ಇನ್ನೂ ಆಳಕ್ಕೆ ಇಳಿಸಿದ್ರು. ಮಿಂಚು ತಡೆಯೋ ಕಡ್ಡಿ ಬೇರೆ, ಪ್ಯಾನಲ್ ಕರೆಂಟನ್ನ ಮನೆ ಕರೆಂಟ್ ಮಾಡೋ ಇನ್ವರ್ಟರಿಗೆ ಬೇರೆ, ಸ್ಟ್ರಕ್ಚರಿಗೆ ಬೇರೆ. ಏಪ್ರಿಲ್ ಗುಡುಗಲ್ಲಿ ಆಚೆ ಕೇರಿಯಲ್ಲಿ ಎರಡು ಮನೆ ಟೀವಿ ಹೋಯ್ತು, ನಮ್ಮದು ಏನೂ ಆಗ್ಲಿಲ್ಲ, ಆ ಹುಡುಗ್ರಿಗೆ ಐದಕ್ಕೆ ಐದು. ಅಂಗಡಿ ಯಜಮಾನನಿಗೆ ಎರಡು. ಎಂತಕ್ಕೆ ಅಂದ್ರೆ ಅಡ್ವಾನ್ಸ್ ತಗೊಳ್ಳೋವರೆಗೆ ಒಂದೇ ರಿಂಗಿಗೆ ಫೋನ್ ಎತ್ತೋರು, ಆಮೇಲೆ ಬಿಜಿ ಟೋನು. ಡಿಸೆಂಬರಲ್ಲಿ ಪ್ಯಾನಲ್ ಏರಿಸಿ ಆಯ್ತು, ಎರಡೂ ಕಡೆ ಲೆಕ್ಕ ಹಿಡಿಯೋ ಮೀಟರ್ ಬರೋಕೆ ಫೆಬ್ರವರಿ ಮಧ್ಯ ಆಯ್ತು, ಆ ಎರಡು ತಿಂಗಳು ಎರಡು ಲಕ್ಷ ಚಿಲ್ಲರೆ ರೂಪಾಯಿ ಸಾಮಾನು ಕಾಗೆ ಕೂರೋಕೆ ಇಟ್ಟ ಹಾಗಿತ್ತು. ಫೈಲ್ ಆ ಟೇಬಲ್ಲಲ್ಲಿದೆ ಅಂತ ಒಬ್ರು, ಈ ಟೇಬಲ್ಲಲ್ಲಿದೆ ಅಂತ ಒಬ್ರು. ಮೀಟರ್ ಬಂದ್ಮೇಲೆ ಸಬ್ಸಿಡಿ ಮಾತ್ರ ಮೂರು ವಾರಕ್ಕೆ ನೇರ ಅಕೌಂಟಿಗೆ ಬಿತ್ತು, ಯಾರಿಗೂ ಚಹಾ ಕುಡಿಸ್ಬೇಕಾಗ್ಲಿಲ್ಲ.

ದುಡ್ಡಿನ ಲೆಕ್ಕ ಇಷ್ಟೇ. 1,85,000 ಪ್ಲಸ್ ಸ್ಟ್ರಕ್ಚರ್ 24,000, ಒಟ್ಟು 2,09,000, ಸಬ್ಸಿಡಿ ಕಳೆದ್ರೆ 1,31,000. ತಿಂಗಳಿಗೆ ಸರಾಸರಿ 1,300 ಉಳೀತಿದೆ. ಬಿಲ್ಲು ಪೂರ್ತಿ ಸೊನ್ನೆ ಆಗಲ್ಲ, ಫಿಕ್ಸೆಡ್ ಚಾರ್ಜ್ ಅಂತ ಒಂದು ಇದ್ದೇ ಇದೆ. ಎಂಟೂವರೆ ವರ್ಷಕ್ಕೆ ಅಸಲು. ಬೇಸಿಗೆಲಿ ಹೆಚ್ಚಾಗಿದ್ದನ್ನ ಕರೆಂಟ್ ಕಂಪನಿಯವರಿಗೆ ಮಾರ್ತೀವಲ್ಲ, ಆ ರೇಟಿಗೂ ನಾವು ಕೊಳ್ಳೋ ರೇಟಿಗೂ ಸಂಬಂಧವೇ ಇಲ್ಲ, ಅಡಿಕೆ ಮಂಡಿಗೂ ಅಂಗಡಿ ಬೀಡಾಕ್ಕೂ ಇರೋಷ್ಟು ವ್ಯತ್ಯಾಸ.

ಈಗ ಎಲ್ರೂ ಕೇಳೋ ವಿಷಯ, ಎಷ್ಟು ಯೂನಿಟ್ ಬರುತ್ತೆ. ಕಳೆದ ಮಾರ್ಚಿಂದ ನಾನು ಕ್ಯಾಲೆಂಡರಲ್ಲಿ ಬರೆದಿಟ್ಟಿದೀನಿ. ಮಾರ್ಚ್ 430, ಏಪ್ರಿಲ್ 410. ಮೇ 320, ಯಾಕಂದ್ರೆ 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದ್ಬಿಡ್ತು, ನಮ್ಮಲ್ಲಿ ಕೃತ್ತಿಕೆ ಮಳೆ ಮುಗಿಯೋದ್ರೊಳಗೆ ಹಳ್ಳ ತುಂಬಿತ್ತು, ಅಡಿಕೆ ಕೊಳೆರೋಗಕ್ಕೆ ಮೊದಲನೇ ಬೋರ್ಡೋ ದ್ರಾವಣ ಹೊಡೆಯೋಕೂ ಬಿಡುವು ಕೊಡ್ಲಿಲ್ಲ. ಜೂನ್ 170. ಜುಲೈ 108. ನೂರಾ ಎಂಟು, ಅಷ್ಟೋತ್ತರ! ದಿನಕ್ಕೆ ಮೂರೂವರೆ ಯೂನಿಟ್ಟು, ಪುಷ್ಯ ಮಳೆ ಜೋರಾಗಿದ್ದ ಒಂದು ದಿನ ಬರೀ 0.6, ಅದ್ರಲ್ಲಿ ಅಮ್ಮನ ಗ್ರೈಂಡರ್ ಕೂಡ ಸರಿಯಾಗಿ ಓಡಲ್ಲ. ಆಗಸ್ಟ್ 150, ಸೆಪ್ಟೆಂಬರ್ 240, ಅಲ್ಲಿಂದ ಏರ್ತಾ ಏರ್ತಾ ಈ ಫೆಬ್ರವರಿಗೆ 400. ವರ್ಷಕ್ಕೆ ಒಟ್ಟು 3,608 ಯೂನಿಟ್. ಅಂಗಡಿಯವನು ಬಾಯಲ್ಲಿ ಹೇಳಿದ್ದು ದಿನಕ್ಕೆ 14ರ ಲೆಕ್ಕದಲ್ಲಿ ವರ್ಷಕ್ಕೆ ಐದು ಸಾವಿರ. ಹೋಗಿ ಕೇಳಿದ್ರೆ ಕೊಟೇಶನ್ ತೆಗೆದು ತೋರಿಸ್ದ, ಅದ್ರಲ್ಲಿ 3 ಕಿಲೋವ್ಯಾಟ್ ಅಂತ ಮಾತ್ರ ಇದೆ. "ಸಾರ್, ಕೆಪ್ಯಾಸಿಟಿ ಕೊಟ್ಟಿದೀನಿ, ಬಿಸಿಲು ಕೊಡ್ತೀನಿ ಅಂತ ಎಲ್ಲಿ ಬರ್ದಿದೀನಿ" ಅಂದ. ನ್ಯಾಯವಾಗಿ ನೋಡಿದ್ರೆ ಅವನು ಹೇಳಿದ್ದು ಸರಿನೇ, ನನಗೆ ಮಾತಾಡೋಕೆ ಆಗ್ಲಿಲ್ಲ.

ಇದೇ ಮಾತು ಬೇರೆ ಕಡೆಯಿಂದ ಮನೆಗೆ ಬಂತು. ಮಗಳು ಶಿವಮೊಗ್ಗದಲ್ಲಿ ಪಿಯುಸಿ, ನವೆಂಬರಲ್ಲಿ ಕಾಲೇಜಲ್ಲಿ, ಭೂಮಿ ಬಿಸಿ ಆಗೋದನ್ನ ತಡೆಯೋಕೆ ದೇಶಗಳು ಮಾಡ್ಕೊಂಡ ಪ್ಯಾರಿಸ್ ಒಪ್ಪಂದದ ಮೇಲೆ ಚರ್ಚಾ ಸ್ಪರ್ಧೆ ಅಂತ ಕಾಗದ ಪತ್ರ ಎಲ್ಲ ಹರಡ್ಕೊಂಡು ಕೂತಿದ್ಲು. ಆಗ ಬ್ರೆಜಿಲಿನ ಬೆಲೆಂನಲ್ಲಿ 30ನೇ ಹವಾಮಾನ ಸಮ್ಮೇಳನ ನಡೀತಿತ್ತಲ್ಲ, ಅದೇ ನೆಪ. ಅವಳು ಹೇಳಿದ್ದು ಕೇಳಿ. 2021ರ ನವೆಂಬರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ನಮ್ಮ ಪ್ರಧಾನಿ ಐದು ಮಾತು ಕೊಟ್ಟು ಪಂಚಾಮೃತ ಅಂತ ಹೆಸರಿಟ್ರು, 2030ಕ್ಕೆ ಕಲ್ಲಿದ್ದಲು ಗಿಲ್ಲಿದ್ದಲು ಇಲ್ದೇ ಇರೋ ವಿದ್ಯುತ್ ಸಾಮರ್ಥ್ಯ 500 ಗಿಗಾವ್ಯಾಟ್, ದೇಶಕ್ಕೆ ಬೇಕಾದ ಎನರ್ಜಿಯಲ್ಲಿ ಅರ್ಧ ನವೀಕರಿಸಬಹುದಾದ ಮೂಲದಿಂದ, 2070ಕ್ಕೆ ನೆಟ್ ಝೀರೋ (ಅಂದ್ರೆ ಬಿಡೋ ಇಂಗಾಲ, ಹೀರೋ ಇಂಗಾಲ ಸರಿಸಮ), ಹೀಗೆ. ಒಂಬತ್ತು ತಿಂಗಳಾದ ಮೇಲೆ, 2022ರ ಆಗಸ್ಟಲ್ಲಿ, ವಿಶ್ವಸಂಸ್ಥೆಗೆ ಬರವಣಿಗೆಯಲ್ಲಿ ಕೊಟ್ಟಾಗ ಆ ಅರ್ಧ ಅನ್ನೋದು "ಸ್ಥಾಪಿತ ಸಾಮರ್ಥ್ಯದ ಅರ್ಧ" ಅಂತಾಯ್ತು. 500 ಗಿಗಾವ್ಯಾಟ್ ಆ ಗುರಿಗಳ ಪಟ್ಟಿಯಲ್ಲೇ ಇಲ್ಲ. "ಅಪ್ಪಾ, ಇದು ನಮ್ಮ ಸೋಲಾರ್ ಅಂಗಡಿಯವನ ಥರನೇ ಅಲ್ವಾ" ಅಂದ್ಲು. ನಾನು ಕ್ಯಾಲೆಂಡರ್ ಕಡೆ ನೋಡ್ದೆ.

ಸ್ಥಾಪಿತ ಸಾಮರ್ಥ್ಯ ಅನ್ನೋದು ಏನು ಅಂತ ಪೇಪರಲ್ಲಿ ಓದಿದ್ರೆ ತಿಳಿಯಲ್ಲ ಮಾರಾಯ್ರೆ, ಜುಲೈನಲ್ಲಿ ಇನ್ವರ್ಟರ್ ಮುಂದೆ ನಿಂತ್ರೆ ತಿಳಿಯುತ್ತೆ. ನನ್ನ 3 ಕಿಲೋವ್ಯಾಟ್ ಹಗಲು ರಾತ್ರಿ ಫುಲ್ ಓಡಿದ್ರೆ ವರ್ಷಕ್ಕೆ 26,280 ಯೂನಿಟ್ ಆಗ್ಬೇಕು, ಬಂದಿದ್ದು ಅದ್ರಲ್ಲಿ ಏಳನೇ ಒಂದು ಪಾಲು. ರಾತ್ರಿ ಬಿಸಿಲಿಲ್ಲ, ಆಷಾಢದಲ್ಲಿ ಹಗಲೂ ಬಿಸಿಲಿಲ್ಲ. ಕಲ್ಲಿದ್ದಲು ಪ್ಲಾಂಟಿಗೆ ಆ ತೊಂದರೆ ಇಲ್ಲ, ರಾತ್ರಿನೂ ಉರಿಯುತ್ತೆ, ಮಳೆಲೂ ಉರಿಯುತ್ತೆ. ಹಾಗಾಗಿ 2025ರ ಜೂನಿಗೆ ದೇಶದ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಗ್ಯಾಸು, ಡೀಸೆಲ್ ಬಿಟ್ಟ ಮೂಲದ್ದು ಆಯ್ತು, ಒಟ್ಟು 485 ಗಿಗಾವ್ಯಾಟಲ್ಲಿ 243ರ ಹತ್ತಿರ, ಐದು ವರ್ಷ ಮೊದಲೇ ಮಾತು ಉಳಿಸಿಕೊಂಡ್ವಿ ಅಂತ ಹೆಡ್ಡಿಂಗ್ ಬಂತು, ಸುಳ್ಳಲ್ಲ, ಅದಕ್ಕೆ ಚಪ್ಪಾಳೆ ತಟ್ಟಲೇಬೇಕು, ಆದ್ರೆ ನಿಜವಾಗಿ ಉತ್ಪಾದನೆ ಆಗೋ ಕರೆಂಟಲ್ಲಿ ಮುಕ್ಕಾಲರ ಹತ್ತಿರ ಈಗ್ಲೂ ಕಲ್ಲಿದ್ದಲಿಂದೇ. ಇನ್ನು ಮನೆ ಮೇಲಿನ ಸೋಲಾರ್ ಬಗ್ಗೆ 2015ರಲ್ಲೇ ಒಂದು ಟಾರ್ಗೆಟ್ ಇತ್ತು, 2022ಕ್ಕೆ 40 ಗಿಗಾವ್ಯಾಟ್ ಅಂತ, 2022 ಮುಗಿಯೋವಾಗ ಸರ್ಕಾರದ್ದೇ ಲೆಕ್ಕದಲ್ಲಿ ಅದರ ಕಾಲು ಭಾಗವೂ ಆಗಿರ್ಲಿಲ್ಲ. ಆ ಸೋತ ಟಾರ್ಗೆಟ್ಟಿನ ಕೋಪದಲ್ಲೇ ನನಗೆ 78 ಸಾವಿರ ಸಿಕ್ಕಿದ್ದು ಅಂತ ನನ್ನ ಅಂದಾಜು, ಹಾಗಾಗಿ ಜಾಸ್ತಿ ಬೈಯಲ್ಲ.

ಹೊರಗಿನವ್ರು ನಮಗಿಂತ ವಾಸಿನಾ ಅಂದ್ರೆ ಅದೂ ಇಲ್ಲ. ಅಮೆರಿಕ 2020ರ ನವೆಂಬರಲ್ಲಿ ಪ್ಯಾರಿಸ್ ಒಪ್ಪಂದದಿಂದ ಹೊರಗೆ ಹೋಯ್ತು, 2021ರ ಫೆಬ್ರವರಿಯಲ್ಲಿ ಒಳಗೆ ಬಂತು, 2025ರ ಜನವರಿಯಲ್ಲಿ ಹೊಸ ಅಧ್ಯಕ್ಷರು ಕೂತ ಮೊದಲನೇ ದಿನವೇ ಮತ್ತೆ ಹೊರಗೆ ಅಂತ ಸಹಿ. ತವರಿಗೆ ಹೋಗಿ ಬರೋ ಹೊಸ ಸೊಸೆ ಕೂಡ ಇಷ್ಟು ಓಡಾಡಲ್ಲ. ದಂಡ ಇಲ್ಲ, ವಾರಂಟಿ ಇಲ್ಲ, ಕನ್ಸ್ಯೂಮರ್ ಕೋರ್ಟು ಇಲ್ಲ. ನಮ್ಮ ಬಿಜಿ ಟೋನ್ ಅಂಗಡಿಯವನಾದ್ರೂ ಐದು ವರ್ಷ ಮೇಂಟೆನೆನ್ಸ್ ಅಂತ ಸ್ಟಾಂಪ್ ಪೇಪರಲ್ಲಿ ಬರ್ಕೊಟ್ಟಿದಾನೆ, ಪ್ಯಾನಲಿಗೆ 25 ವರ್ಷ. ಶ್ರೀಮಂತ ದೇಶಗಳು ಹವಾಮಾನದ ಕೆಲಸಕ್ಕೆ ಬಡ ದೇಶಗಳಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಕೊಡ್ತೀವಿ ಅಂತ 2009ರಲ್ಲಿ ಕೋಪನ್‌ಹೇಗನಲ್ಲಿ ಹೇಳಿದ್ದು, ಗಡುವು 2020, ಮುಟ್ಟಿದ್ದು 2022ಕ್ಕೆ. 2024ರಲ್ಲಿ ಬಾಕು ಸಮ್ಮೇಳನದಲ್ಲಿ ಬಡ ದೇಶಗಳು ವರ್ಷಕ್ಕೆ 1.3 ಟ್ರಿಲಿಯನ್ ಬೇಕು ಅಂದ್ರೆ, 2035ರ ಹೊತ್ತಿಗೆ 300 ಬಿಲಿಯನ್ ಅಂತ ಸುತ್ತಿಗೆ ಕುಟ್ಟಿ ಎದ್ರು, ನಮ್ಮ ದೇಶದ ಪ್ರತಿನಿಧಿ ಅಲ್ಲೇ ಎದ್ದು ನಿಂತು ಇದು ಕಣ್ಕಟ್ಟು ಅನ್ನೋ ಅರ್ಥದಲ್ಲಿ ಬೈದ್ರು. ಸರಿಯಾಗೇ ಬೈದ್ರು. ನಾವು ತಲೆಗೆ ವರ್ಷಕ್ಕೆ ಎರಡು ಟನ್ ಇಂಗಾಲ ಬಿಟ್ರೆ ಅಮೆರಿಕದವ್ರು ಹದಿನಾಲ್ಕರ ಹತ್ತಿರ ಬಿಡ್ತಾರೆ. ಅದೇ ನಾವು ಗ್ಲಾಸ್ಗೋದಲ್ಲಿ ಕೊನೇ ಗಳಿಗೇಲಿ ಕಲ್ಲಿದ್ದಲು "ನಿಲ್ಲಿಸ್ತೀವಿ" ಅಂತ ಇದ್ದಿದ್ದನ್ನ "ಕಮ್ಮಿ ಮಾಡ್ತೀವಿ" ಅಂತ ಬದಲಾಯಿಸಿದ್ದೂ ಹೌದು, ಸಭೆ ನಡೆಸ್ತಿದ್ದ ಬ್ರಿಟನ್ನಿನ ಅಲೋಕ್ ಶರ್ಮಾ ಕ್ಷಮೆ ಕೇಳಿ ಗದ್ಗದ ಆಗ್ಬಿಟ್ರು. ಮಗಳಿಗೆ ಆ ವಿಡಿಯೋ ತೋರಿಸಿದ ಮೇಲೆ ಪರ ಮಾತಾಡ್ಲಾ ವಿರೋಧ ಮಾತಾಡ್ಲಾ ಅಂತ ಎರಡು ದಿನ ತಲೆ ಕೆಡಿಸ್ಕೊಂಡಿದ್ಲು. (ಎರಡನೇ ಬಹುಮಾನ ಬಂತು.)

ಸರಿ, ಪ್ರಾಡಕ್ಟಿಗೆ ಬರೋಣ. ದೊಡ್ಡ ಮೈನಸ್ ಇದು, ದಪ್ಪ ಅಕ್ಷರದಲ್ಲಿ ಓದ್ಕೊಳ್ಳಿ: ಲೈನ್ ಕರೆಂಟ್ ಹೋದ್ರೆ ನಿಮ್ಮ ಸೋಲಾರೂ ಹೋಗುತ್ತೆ. ತಲೆ ಮೇಲೆ ಸುಡೋ ಬಿಸಿಲಿದ್ರೂ ಒಂದು ಎಲ್‌ಇಡಿ ಬಲ್ಬ್ ಹತ್ತಲ್ಲ. ಸಬ್ಸಿಡಿಲಿ ಬರೋದು ಸಾಮಾನ್ಯವಾಗಿ ಗ್ರಿಡ್ಡಿಗೆ, ಅಂದ್ರೆ ಊರಿನ ಕರೆಂಟ್ ಲೈನಿಗೆ, ಕಟ್ಟಿಹಾಕಿದ ಇನ್ವರ್ಟರ್, ಲೈನಲ್ಲಿ ಕರೆಂಟ್ ಇಲ್ಲ ಅಂತ ಗೊತ್ತಾದ ತಕ್ಷಣ ತಾನೂ ನಿಲ್ಲುತ್ತೆ, ಇಲ್ದಿದ್ರೆ ಕಂಬ ಹತ್ತಿದ ಲೈನ್‌ಮನ್ನಿಗೆ ನಮ್ಮನೆ ಕರೆಂಟ್ ಹೊಡೆಯುತ್ತೆ. ಕಾರಣ ಒಪ್ಪತಕ್ಕದ್ದೇ. ಆದ್ರೆ ಮಲೆನಾಡಲ್ಲಿ ಜನ ಸೋಲಾರ್ ಹಾಕ್ಸೋದೇ ಕರೆಂಟ್ ಹೋಗುತ್ತೆ ಅಂತ! ಮಳೆಗಾಲದಲ್ಲಿ ಒಂದು ಮರ ಬಿದ್ರೆ ಎರಡು ದಿನ, ಕಂಬ ಬಿದ್ರೆ ವಾರ. ಬ್ಯಾಟರಿ ಇರೋ ಹೈಬ್ರಿಡ್ ಹಾಕ್ಸಿದ್ರೆ ಈ ತೊಂದರೆ ಇಲ್ಲ, ಆದ್ರೆ ಬ್ಯಾಟರಿಗೆ ಅಂತ ಒಂದು ರೂಪಾಯಿ ಸಬ್ಸಿಡಿ ಜಾಸ್ತಿ ಸಿಗಲ್ಲ. ಯೋಚಿಸಿ ನೋಡಿದ್ರೆ ಅದೂ ಅದೇ ಲೆಕ್ಕ, ಕಿಲೋವ್ಯಾಟ್ ಎಣಿಸಿ ದುಡ್ಡು ಕೊಡ್ತಾರೆ, ಯಾಕಂದ್ರೆ ಹೊರಗೆ ಹೋಗಿ ಹೇಳೋಕೆ ಬೇಕಾಗಿರೋದು ಕಿಲೋವ್ಯಾಟು. ಬ್ಯಾಟರಿ ಹಾಕಿದ್ರೆ ನನ್ನ ಮಗಳು ಮಳೆಲಿ ಓದ್ಬಹುದು, ದೇಶದ ಸ್ಥಾಪಿತ ಸಾಮರ್ಥ್ಯ ಒಂದು ವ್ಯಾಟೂ ಹೆಚ್ಚಾಗಲ್ಲ. ಗ್ರಾಮಸಭೆಯಲ್ಲಿ ನಾನು ಇದನ್ನ ಎತ್ತಿದ್ದೆ, ಬ್ಯಾಟರಿಗೆ ಸಹಾಯಧನ ಕೊಡಿ, ಇಲ್ಲಾ ಕಾಡಲ್ಲಿ ಹಾಯೋ ಲೈನಿಗಾದ್ರೂ ಇನ್ಸುಲೇಷನ್ ಇರೋ ವೈರ್ ಹಾಕಿ ಅಂತ ಬರೆದು ನಲವತ್ತೆರಡು ಜನರ ಸಹಿ ಮಾಡಿಸಿ ಕೊಟ್ವಿ. ಠರಾವು ಪಾಸಾಗಿ ಮೇಲೆ ಹೋಗಿದೆ. ಎಲೆಕ್ಷನ್ ಟೈಮಲ್ಲಿ ಬಂದೋರಿಗೂ ಇದನ್ನೇ ಕೇಳ್ತೀನಿ, ಬಗರ್‌ಹುಕುಂ, ಅಡಿಕೆ ರೇಟು ಎಲ್ಲ ಅವರೇ ಶುರು ಮಾಡ್ತಾರೆ, ಕ್ಲೈಮೇಟ್ ಅಂದ್ರೆ ಎಸಿ ರಿಪೇರಿ ಕೇಳಿದ ಹಾಗೆ ನೋಡ್ತಾರೆ.

ಕರೆಂಟ್ ವಿಷಯಕ್ಕೆ ನಮ್ಮ ಕಡೆಯವ್ರಿಗೆ ಸ್ವಲ್ಪ ಸಿಟ್ಟು ಜಾಸ್ತಿ, ಅದಕ್ಕೆ ಕಾರಣ ಇದೆ. ನಮ್ಮಜ್ಜ ಮುಳುಗಡೆಯವ್ರು. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದಾಗ ಗದ್ದೆ, ತೋಟ ನೀರಿಗೆ ಬಿಟ್ಟು ಹಂಡೆ, ಪಾತ್ರೆ, ಮನೆ ಬಾಗಿಲು ಕಿತ್ಕೊಂಡು ಲಾರೀಲಿ ಬಂದೋರು. ಆ ನೀರಿಂದ ಶರಾವತಿಯಲ್ಲಿ 1,035 ಮೆಗಾವ್ಯಾಟ್ ಸ್ಟೇಷನ್ ಆಯ್ತು, ಬೆಂಗಳೂರು ಬೆಳಗ್ತು, ನಮ್ಮನೆಗೆ ಕರೆಂಟ್ ಬಂದಿದ್ದು 1987ಕ್ಕೆ. ಆ ಬಾಗಿಲು ಈಗ್ಲೂ ನಮ್ಮ ಗೋಡೌನಿಂದು, ಅದ್ರ ಮೇಲ್ಗಡೆನೇ ಇನ್ವರ್ಟರ್ ಕೂರ್ಸಿದೀನಿ. ಮುಳುಗಡೆ ಆಗಿ ಅರವತ್ತು ವರ್ಷ ಆದ್ರೂ ಹಕ್ಕುಪತ್ರ ಸಿಗ್ದೇ ಇರೋ ಕುಟುಂಬಗಳು ಇವೆ, ಅದು ಬೇರೆ ಕಥೆ. ಈಗ ಅದೇ ಕಣಿವೇಲಿ 2,000 ಮೆಗಾವ್ಯಾಟಿಂದು ಪಂಪ್ಡ್ ಸ್ಟೋರೇಜ್ ಅಂತ ಬಂದಿದೆ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ, ಹಗಲು ಸೋಲಾರ್ ಹೆಚ್ಚಾದಾಗ ನೀರು ಮೇಲಕ್ಕೆ ಎತ್ತೋದು, ಸಂಜೆ ಎಲ್ರೂ ಸ್ವಿಚ್ ಹಾಕಿದಾಗ ಕೆಳಗೆ ಬಿಟ್ಟು ಕರೆಂಟ್ ಮಾಡೋದು. ಎತ್ತೋಕೆ ತಿನ್ನೋದಕ್ಕಿಂತ ಕಮ್ಮಿನೇ ವಾಪಸ್ ಕೊಡುತ್ತೆ, ಆದ್ರೂ ಬೇಕು ಅಂತಾರೆ, ಯಾಕೆ ಬೇಕು ಅಂತ ನನಗೆ ಈಗ ಅರ್ಥ ಆಗುತ್ತೆ, ನನ್ನ ಇನ್ವರ್ಟರ್ ಮಧ್ಯಾಹ್ನ ಹನ್ನೆರಡಕ್ಕೆ ಉಕ್ಕಿ ಹರಿದು ಸಂಜೆ ಆರಕ್ಕೆ ಸೊನ್ನೆ ಆಗೋದು ದಿನಾ ನೋಡ್ತೀನಲ್ಲ. ಸಂಜೆಗೆ ಎಲ್ಲೋ ಒಂದು ಕಡೆ ಕೂಡಿಡಲೇಬೇಕು. ಆದ್ರೆ ಆ ಎಲ್ಲೋ ಒಂದು ಕಡೆ ಅನ್ನೋದು ಪ್ರತಿ ಸಲ ಶರಾವತಿನೇ ಯಾಕೆ? ಅದು ಸಿಂಗಳೀಕದ ಅಭಯಾರಣ್ಯ, ನೆಲ ಕುಸಿಯೋ ಘಟ್ಟ. ಕಳೆದ ವರ್ಷ ಅಹವಾಲು ಸಭೆ ನಡೆದಾಗ ಜನ ಕಿಕ್ಕಿರಿದು ಬಂದು ಬೇಡ ಅಂದ್ರು, ನಮ್ಮ ಕೇರಿಯಿಂದ ಒಂದು ಜೀಪು ಹೋಗಿತ್ತು, ನಾನೂ ಹೋಗಿದ್ದೆ. ವಾಪಸ್ ಬರ್ತಾ ಒಬ್ರು ಹಿರಿಯರು ಕೇಳಿದ್ರು, "ನಿನ್ನ ಮನೆ ಮೇಲೂ ಸೋಲಾರ್ ಇದೆಯಲ್ಲೋ, ಅದನ್ನ ಕೂಡಿಡೋಕೇ ಇದು ಅಂತಲ್ಲೋ" ಅಂತ. ಹೌದು ಅಂದೆ. ಜೀಪಲ್ಲಿ ಆಮೇಲೆ ಅಡಿಕೆ ರೇಟಿನ ಮಾತು ಬಂತು. ಒಂದೊಂದು ಮನೆ ಗೋಡೌನಲ್ಲಿ ಒಂದೊಂದು ಬ್ಯಾಟರಿ ಇಟ್ರೆ ಘಟ್ಟ ಕೊರೆಯೋದು ಎಷ್ಟು ಕಮ್ಮಿ ಆಗುತ್ತೆ ಅಂತ ಯಾರಾದ್ರೂ ಲೆಕ್ಕ ಹಾಕಿದ್ರೆ ನನಗೂ ತೋರಿಸಿ, ನಾನು ಕಾಯ್ತಿದೀನಿ.

ಮೇಂಟೆನೆನ್ಸ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಬಯಲುಸೀಮೆಲಿ ಧೂಳು, ನಮ್ಮಲ್ಲಿ ಪಾಚಿ. ಜೂನಿಂದ ಅಕ್ಟೋಬರ್ ತನಕ ಪ್ಯಾನಲ್ ಕೆಳ ಅಂಚಲ್ಲಿ ಹಸಿರು ಕಟ್ಟುತ್ತೆ, ಹದಿನೈದು ದಿನಕ್ಕೊಮ್ಮೆ ಮೆತ್ತನೆ ಬಟ್ಟೆ ಕಟ್ಟಿದ ಕೋಲಲ್ಲಿ ಒರೆಸಿ, ಸೋಪು ಗೀಪು ಬೇಡ. ತಾರಸಿ ಜಾರುತ್ತೆ, ಒಬ್ರೇ ಹತ್ಬೇಡಿ. ಮಂಗಗಳು ಸಂಸಾರ ಸಮೇತ ಬಂದು ಪ್ಯಾನಲ್ ಮೇಲೆ ಕೂತು ಪೇರಳೆ ತಿಂತವೆ, ಗಾಜು ಒಡೆದಿಲ್ಲ ಇಲ್ಲಿವರೆಗೆ, ವೈರ್ ಒಂದ್ಸಲ ಎಳೆದಿದ್ವು, ಅದಕ್ಕೇ ಪೈಪು ಬೇಕು ಅಂದಿದ್ದು. ಬೇಸಿಗೆ ಮಧ್ಯಾಹ್ನ ಲೈನಲ್ಲಿ ವೋಲ್ಟೇಜ್ ಏರಿದ್ರೆ ಇನ್ವರ್ಟರ್ "ಗ್ರಿಡ್ ಫಾಲ್ಟ್" ಅಂತ ತೋರ್ಸಿ ಐದು ನಿಮಿಷ ಕಣ್ಣು ಮುಚ್ಚುತ್ತೆ, ಗಾಬರಿ ಬೇಡ. ಇನ್ನೊಂದು ಮಾತು, ನಿಮ್ಮನೇಲಿ 200 ಯೂನಿಟ್ ದಾಟಲ್ಲ ಅಂದ್ರೆ ದುಡ್ಡಿನ ದೃಷ್ಟಿಯಿಂದ ಹಾಕ್ಸೋಕೆ ಕಾರಣವೇ ಇಲ್ಲ. ಪಕ್ಕದ ಮನೆ ಮಾವಯ್ಯ ಹೇಳಿದ್ದು, "ರಾಜ್ಯದವ್ರು ಫ್ರೀ ಕೊಡ್ತಾರೆ, ಕೇಂದ್ರದವ್ರು ಲಕ್ಷ ಖರ್ಚು ಮಾಡಿದ್ರೆ ಫ್ರೀ ಕೊಡ್ತಾರೆ, ನಾನು ಯಾರ ಫ್ರೀ ತಗೊಳ್ಲಿ". ಎರಡೂ ಸರ್ಕಾರದವ್ರು ಇದಕ್ಕೆ ಉತ್ತರ ಹೇಳ್ಬೇಕು, ನನ್ನತ್ರ ಇಲ್ಲ.

ಕೊನೆಗೆ ಆ್ಯಪ್. ಇನ್ವರ್ಟರ್ ಜೊತೆ ಮೊಬೈಲಿಗೆ ಒಂದು ಆ್ಯಪ್ ಬರುತ್ತೆ, ಎಷ್ಟು ಯೂನಿಟ್, ಎಷ್ಟು ಉಳಿತಾಯ ಎಲ್ಲ ತೋರಿಸುತ್ತೆ, ಚೆನ್ನಾಗಿದೆ, ನೆಟ್‌ವರ್ಕ್ ಇದ್ದಾಗ. ಕೆಳಗೆ ಒಂದು ಪುಟ್ಟ ಹಸಿರು ಚಿತ್ರ ಇದೆ, ಇವತ್ತಿಗೆ 2.6 ಟನ್ ಇಂಗಾಲ ಉಳಿಸಿದೀರಿ, ಅಂದ್ರೆ 138 ಮರ ನೆಟ್ಟ ಹಾಗೆ ಅಂತ ಬರುತ್ತೆ. ನಾನು ನೆಟ್ಟಿದ್ದು ಸೊನ್ನೆ, ಕಡಿದಿದ್ದು ಒಂದು ಹಲಸು. ಇದೂ ನಮ್ಮ ದೇಶದ ಲೆಕ್ಕದ ಥರನೇ. 2030ಕ್ಕೆ ಕಾಡು ಮರ ಬೆಳೆಸಿ 250ರಿಂದ 300 ಕೋಟಿ ಟನ್ ಇಂಗಾಲ ಹೆಚ್ಚಾಗಿ ಹೀರಿಸ್ತೀವಿ ಅಂತ 2015ರಲ್ಲೇ ಮಾತು ಕೊಟ್ಟಿದೀವಿ, ಕಾಡು ಎಷ್ಟಿದೆ ಅಂತ ಸ್ಯಾಟಲೈಟಲ್ಲಿ ಅಳೆಯೋವಾಗ ಒಂದು ಹೆಕ್ಟೇರ್ ಜಾಗದಲ್ಲಿ ನೂರಕ್ಕೆ ಹತ್ತು ಭಾಗ ಮರದ ನೆರಳಿದ್ರೆ ಸಾಕು, ಯಾವ ಮರ, ಯಾರ ಜಾಗ ಅಂತ ಕೇಳಲ್ಲ. ಆ ಲೆಕ್ಕದಲ್ಲಿ ನಮ್ಮ ಕೇರಿಯ ಅಡಿಕೆ ತೋಟಗಳೆಲ್ಲ ಅರಣ್ಯ. ಅದೇ ತೋಟ ಎರಡು ಗುಂಟೆ ಆಚೆ ಸರಿದ್ರೆ ಅರಣ್ಯ ಒತ್ತುವರಿ ಅಂತ ನೋಟಿಸ್ ಬರುತ್ತೆ. ಮೇಲಿಂದ ನೋಡಿದ್ರೆ ಕಾಡು, ಕೆಳಗಿಂದ ನೋಡಿದ್ರೆ ಕೇಸು.

ನಿನ್ನೆ ಸಂಜೆ ಅಮ್ಮನಿಗೆ ಆ 138 ಮರ ತೋರಿಸ್ದೆ. ಕನ್ನಡಕ ಹಾಕ್ಕೊಂಡು, ಮೊಬೈಲ್ ದೂರ ಹಿಡಿದು, ತುಂಬಾ ಹೊತ್ತು ನೋಡಿದ್ರು. ಆಮೇಲೆ ವಾಪಸ್ ಕೊಟ್ಟು, "ಅದ್ರಲ್ಲಿ ಯಾವ್ದಾದ್ರೂ ಒಂದ್ರಲ್ಲಿ ಕಾಯಿ ಬಿಟ್ರೆ ಹೇಳು, ಹಪ್ಪಳ ಮಾಡೋಕೆ ಬಿಸಿಲು ಬಂತು" ಅಂದ್ರು. ಇವತ್ತು ಬೆಳಿಗ್ಗೆ ಪಕ್ಕದ ಮನೆ ಮಾವಯ್ಯನ ಹತ್ರ ಎರಡು ಹಲಸಿನಕಾಯಿ ಕೇಳಿ ತಂದಿದೀನಿ.